ಎಡಗಡೆಯ ಸೀಟು

ವಾರಿಜಾಳ ಗಂಡ ಮನೆಯ ದಾರಿಯನ್ನೇ ಮರೆಯತೊಡಗಿದ್ದರಿಂದ, ಇನ್ನು ಮೇಲೆ ಕಾರು ಓಡಿಸಕೂಡದೆಂದು ವೈದ್ಯರು ಆತನಿಗೆ ಕಟ್ಟಪ್ಪಣೆ ಮಾಡಿದ್ದರು. ಮೂವತ್ತು ವರ್ಷ ಎಡಗಡೆಯ ಸೀಟಿನಲ್ಲಿ ನಿಶ್ಚಿಂತೆಯಿಂದ ಕುಳಿತು ಬಂದಿದ್ದ ಆಕೆ, ಎರಡು ತಿಂಗಳು ಮೈದಾನದಲ್ಲಿ ಆತನಿಂದಲೇ ಪಾಠ ಹೇಳಿಸಿಕೊಂಡು, ಅಂದು ಮೊದಲ ಬಾರಿಗೆ ಆತನನ್ನು ಹೊಳೆಯಾಚೆಯ ಆಸ್ಪತ್ರೆಗೆ ತಾನೇ ಕರೆದೊಯ್ಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

ಕಿರಿದಾದ ಸೇತುವೆಯ ಮೇಲೆ ಎದುರಾಗಿ ಬರುತ್ತಿದ್ದ ಲಾರಿಗಳನ್ನು ಕಂಡು ಆಕೆ ಗಕ್ಕನೆ ಬ್ರೇಕ್ ಒತ್ತಿದಳು. ಕಾರು ನಿಂತುಬಿಟ್ಟಿತು.

"ನನ್ನಿಂದಾಗಲ್ಲ ರೀ. ಯಾರನ್ನಾದ್ರೂ ಕರೆಯೋಣ."

"ಯಾರನ್ನ ಕರೀತೀಯೆ? ಕುದಿಯೋ ಅನ್ನ ಬಸಿಯೋವಾಗ ನಡುಗದ ಕೈ ಇಲ್ಲ್ಯಾಕೆ ನಡುಗಬೇಕು? ಫಸ್ಟ್ ಗೇರ್ ಹಾಕು. ಕ್ಲಚ್ ನಿಧಾನಕ್ಕೆ ಬಿಡು."

ಹಿಂದಿದ್ದ ಬಸ್ಸು ಒಂದೇ ಸಮನೆ ಹಾರನ್ ಹೊಡೆಯತೊಡಗಿತು.

"ಬಡ್ಕೊಳ್ಳಲಿ ಬಿಡು. ಅವರಪ್ಪನ ರಸ್ತೆಯೇನಲ್ಲ."

ಭಯದ ನಡುವೆಯೂ ವಾರಿಜಾಳಿಗೆ ನಗು ಬಂತು. ಆಕೆ ಗೇರ್ ಹಾಕಿ ಕಾರನ್ನು ಸೇತುವೆಗೆ ಏರಿಸಿದಳು. ಲಾರಿಗಳು ಒಂದೊಂದಾಗಿ ಮೈಸವರುವಷ್ಟು ಹತ್ತಿರದಿಂದ ಹಾದುಹೋದವು. ಆಕೆ ಎಲ್ಲಿಯೂ ನಿಲ್ಲಿಸಲಿಲ್ಲ.

ಆಚೆ ದಡ ತಲುಪಿ, ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿ, ಬೆವರಿದ ಮುಖವನ್ನು ಗಂಡನತ್ತ ತಿರುಗಿಸಿದಳು.

ಆತ ಬಹಳ ಹೊತ್ತು ಆ ಮುಖವನ್ನೇ ನೋಡಿ, ವಿನಯದಿಂದ ಕೈಮುಗಿದ.

"ಬಹಳ ಚೆನ್ನಾಗಿ ಓಡಿಸ್ತೀರಮ್ಮ. ಬಿಡುವಾದಾಗ ನನ್ನ ಹೆಂಡತಿಗೂ ಒಂಚೂರು ಕಲಿಸಿಕೊಡಿ, ಪಾಪ, ಸ್ಟಿಯರಿಂಗ್ ಮುಟ್ಟೋಕೂ ಹೆದರ್ತಾಳೆ."