ಓಣಿಗೆ ಬಾಗಿದ ಝೆಂಡಾ

“ಝೆಂಡಾ ಅರ್ಧಕ್ಕ ಇಳಸು, ಸಾತಲಿಂಗ. ಅಪ್ಪಾವ್ರು ಹೋಗ್ಯಾರ!” ಎಂದು ಶಂಕರೆಪ್ಪ ಓಣಿಯಲ್ಲಿ ನಿಂತೇ ಕೂಗಿದ.

ಪಂಚಾಯತಿಯ ಮಹಡಿಯ ಕಿಟಕಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಸರಪಂಚ ಸಾತಲಿಂಗಪ್ಪ ಕೆಳಗೆ ಬಾಗಿ ನೋಡಿದ. ಅಂದು ಆಗಸ್ಟ್ ಹದಿನೈದು. ಊರೆಲ್ಲ ಅಪ್ಪಾವ್ರು ಎನ್ನುತ್ತಿದ್ದ ಮಠದ ಸ್ವಾಮಿಗಳು ಬೆಳಗಿನ ಜಾವ ಲಿಂಗೈಕ್ಯರಾಗಿದ್ದರು. ಎಳೆಯವನಿದ್ದಾಗ ಅವನ ಕೊರಳಿಗೆ ಲಿಂಗ ಕಟ್ಟಿದವರೇ ಅವರು. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು. ಆದರೂ ಊರಿನ ಝೆಂಡಾ ಏರುವುದು ತಪ್ಪಬಾರದೆಂದು ಬಂದಿದ್ದ. ಪಂಚಾಯತಿಗೆ ಅಂಗಳವಿಲ್ಲ, ಮಹಡಿಯಿಂದ ಓಣಿಯ ಮೇಲೆ ಓರೆಯಾಗಿ ಮೇಲಕ್ಕೆ ಚಾಚಿದ ಬಿದಿರೇ ಅಲ್ಲಿನ ಧ್ವಜಸ್ತಂಭ.

“ಸರಕಾರದ ಹುಕುಂ ಇಲ್ದ ಇಳಸಾಕ ಬರೂದಿಲ್ರಿ ಮಾವ. ಹೋದ ಚಳಿಗಾಲದಾಗ ದರ್ಗಾದ ಮುಜಾವರ ಚಾಚಾ ತೀರಿಕೊಂಡಾಗ ಇಳಸಿದ್ವೇನ್ರಿ? ನಾಳಿ ಅವರ ಮಕ್ಕಳು ಕೇಳಿದ್ರ ಏನ್ ಹೇಳ್ಲಿ? ಇದು ಎಲ್ಲಾರ ಝೆಂಡಾ.”

“ಊರಿಗೊಂದು ದಾರಿ ಆದ್ರ ನಿನಗೊಂದು ದಾರಿ ಏನೋ? ಸೊಲ್ಲಾಪುರದ ಸಾವಕಾರ್ರು ಅಂಗಡಿ ಮುಚ್ಚಿ ಬರಾಕತ್ತಾರ. ಝೆಂಡಾ ಹಬ್ಬದಂಗ ಮ್ಯಾಲ ಹಾರೂದು ಕಂಡ್ರ ಏನಂತಾರ? ನಿನ್ನ ಸರಪಂಚ ಮಾಡಿದವ್ರು ಮಠದ ಮಂದಿ, ನೆನಪಿರ್ಲಿ!”

ಶಂಕರೆಪ್ಪ ಸ್ವಂತ ಸೋದರಮಾವ, ಮಠದ ಹಿರಿಯ ಪಂಚ. ಅವನಿಗೆ ದುಃಖವಿತ್ತು, ಸುಳ್ಳಲ್ಲ. ದುಃಖದ ಜೊತೆಗೆ ಠೀವಿಯೂ ಇತ್ತು. ಸಾತಲಿಂಗಪ್ಪನಿಗೆ ಅತ್ತ ದರಿ, ಇತ್ತ ಪುಲಿ. ಇಳಿಸಿದರೆ ಅಕ್ಕಲಕೋಟೆಯ ತಹಶೀಲ್ದಾರ ಸುಮ್ಮನಿರುವುದಿಲ್ಲ, ಇಳಿಸದಿದ್ದರೆ ಊರು ಅವನನ್ನು ಗುರುದ್ರೋಹಿ ಎನ್ನುತ್ತದೆ. ಹೋದ ವರ್ಷ ಇದೇ ದಿನ, ತಾವೇ ಝೆಂಡಾ ಏರಿಸಬೇಕೆಂದು ಅವನು ಅಪ್ಪಾವ್ರ ಕಾಲು ಹಿಡಿದಿದ್ದ. “ಅದು ನಿನ್ನ ಕೆಲಸೋ ಮಗನ. ಝೆಂಡಾ ಮ್ಯಾಲ ಇರ್ಲಿ, ನಾ ಕೆಳಗ ಮಂದಿ ಕೂಡ ಇರ್ತೀನಿ,” ಎಂದು ನಕ್ಕು, ಪಾದುಕೆ ಬಿಟ್ಟು, ಅದೇ ಮುಜಾವರ ಚಾಚಾನ ಪಕ್ಕ ಬಿಸಿಲಲ್ಲಿ ನಿಂತಿದ್ದರು. ಇದನ್ನು ಮಾವನಿಗೆ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಸಾತಲಿಂಗಪ್ಪ ಝೆಂಡಾವನ್ನು ತುದಿಯವರೆಗೆ ಏರಿಸಿದ, ಮತ್ತೆ ಅರ್ಧಕ್ಕೆ ಇಳಿಸಿ ಹಗ್ಗ ಕಟ್ಟಿದ. ಗುರುವಿಗಾಗಿ ಇಳಿಸಿದೆನೋ, ಮಾವನಿಗೆ ಹೆದರಿ ಇಳಿಸಿದೆನೋ ಅವನಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಅಪ್ಪಾವ್ರ ಅಂತಿಮಯಾತ್ರೆಯ ವಿಮಾನ ಹೊರಟಿತು. ಬಾಳೆಕಂಬ, ಚೆಂಡುಹೂವು ಕಟ್ಟಿದ ಎತ್ತರದ ಮಂಟಪ. ಅದರೊಳಗೆ ಪದ್ಮಾಸನದಲ್ಲಿ ಕೂಡಿಸಿದ ಅಪ್ಪಾವ್ರು. ಮಂಟಪದ ತುದಿಗೆ ಹಿತ್ತಾಳೆಯ ಕಲಶ. ತಡವಳ, ಕಂದಲಗಾಂವಗಳಿಂದೆಲ್ಲ ಬಂದ ಜನ ಓಣಿಯಲ್ಲಿ ಹಿಡಿಸದಷ್ಟಿದ್ದರು. ಒಮ್ಮೆ ಹೆಗಲೇರಿದ ವಿಮಾನ ಸಮಾಧಿಯ ಹೊಲ ಮುಟ್ಟುವ ತನಕ ಇಳಿಯಬಾರದು, ಹಿಂದಕ್ಕೂ ತಿರುಗಬಾರದು. ಅದು ಊರಿನ ಕಟ್ಟಳೆ. ಹೊಲಕ್ಕೆ ಹೋಗಲು ಪಂಚಾಯತಿಯ ಓಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಮುಂದಿನ ಬೊಂಬಿಗೆ ಹೆಗಲು ಕೊಟ್ಟವನು ಸಾತಲಿಂಗಪ್ಪನೇ.

ಪಂಚಾಯತಿಯ ಮುಂದೆ ಬಂದಾಗ ವಿಮಾನ ತಟ್ಟನೆ ನಿಂತಿತು. ಅರ್ಧಕ್ಕೆ ಇಳಿಸಿದ್ದ ಝೆಂಡಾ ಓಣಿಯ ನಡುವೆ ಜೋತುಬಿದ್ದಿತ್ತು, ಕಲಶದ ತುದಿ ಅದರ ಅಂಚಿಗೆ ತಾಗಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಬಟ್ಟೆ ಹರಿಯುತ್ತದೆ. ಮುಂದೆ ಕುಣಿಯುತ್ತಿದ್ದ ನಂದಿಕೋಲಿನ ಗೆಜ್ಜೆ ನಿಂತವು. ಯಾರಿಗೆ ಗೌರವವೆಂದು ಇಳಿಸಿದ್ದರೋ ಅವರ ದಾರಿಗೇ ಅದು ಅಡ್ಡ ಬಂದಿತ್ತು.

“ಕಲಶ ತೆಗೀರಿ,” ಎಂದರು ಯಾರೋ. “ಸಮಾಧಿ ಮುಟ್ಟೂ ಮುಂಚೆ ಕಲಶ ತೆಗ್ಯಾಕ ಬರೂದಿಲ್ಲ,” ಎಂದರು ಇನ್ಯಾರೋ.

ಶಂಕರೆಪ್ಪ ಬೆವತುಹೋಗಿದ್ದ. “ಹೆಗಲ ಮ್ಯಾಗಿಂದ ಸೊಂಟಕ್ಕ ಇಳಸ್ರಪಾ. ಒಂದೀಟ ಇಳಸಿದ್ರ ಪಾರಾಗ್ತದ.”

ಹೊತ್ತವರು ಮಿಸುಕಲಿಲ್ಲ. ಅಪ್ಪಾವ್ರನ್ನು ಇಳಿಸಲು ಯಾರ ಕೈಯೂ ಬರಲಿಲ್ಲ. ಸಾತಲಿಂಗಪ್ಪ ಕತ್ತು ತಿರುಗಿಸಿ ನೋಡಿದ. ವಿಭೂತಿ ಬಳಿದ ಆ ಮುಖದಲ್ಲಿ, ಹೋದ ವರ್ಷ ಬಿಸಿಲಲ್ಲಿ ಕಂಡ ನಗುವೇ ಇನ್ನೂ ಇದ್ದಂತೆ ಅವನಿಗೆ ಕಂಡಿತು. ಬೆಳಗ್ಗೆ ಬಾರದ ಧೈರ್ಯ ಈಗ ಬಂತು.

“ಅಪ್ಪಾವ್ರನ್ನ ಇಳಸೂದು ಬ್ಯಾಡ ಮಾವ. ನಾ ಇಳಸಿದ್ದನ್ನ ನಾನ ಏರಸ್ತೀನಿ. ಬರ್ರಿ, ಹೆಗಲು ಕೊಡ್ರಿ!”

ಶಂಕರೆಪ್ಪ ಬಾಯಿ ತೆರೆದ. ಆದರೆ ಗುರುವಿಗೆ ಹೆಗಲು ಒಲ್ಲೆ ಎನ್ನುವ ಶಿಷ್ಯನುಂಟೇ? ಬೊಂಬಿನ ಕೆಳಗೆ ಹೆಗಲು ಕೊಟ್ಟ. ಸಾತಲಿಂಗಪ್ಪ ಮಹಡಿಗೆ ಓಡಿದ, ಗಂಟು ಬಿಚ್ಚಿ ಹಗ್ಗ ಎಳೆದ. ಝೆಂಡಾ ಕಲಶವನ್ನು ಮೆಲ್ಲಗೆ ಸವರಿಕೊಂಡು ಬಿದಿರಿನುದ್ದಕ್ಕೂ ಏರಿತು, ತುದಿ ಮುಟ್ಟಿ ಗಾಳಿಗೆ ಬಿಚ್ಚಿಕೊಂಡಿತು. ಓಣಿ ತುಂಬ ನೆರೆದ ಜನ ಮೇಲೆ ನೋಡಿದರು. ಆಮೇಲೆ ಎದ್ದ “ಹರಹರ ಮಹಾದೇವ” ಎಂಬ ಕೂಗಿಗೆ ಸಾತಲಿಂಗಪ್ಪನ ಮೈ ಜುಮ್ಮೆಂದಿತು. ಇಷ್ಟು ದೊಡ್ಡದೊಂದು ತನ್ನ ಕೈಯಲ್ಲಿನ ಹಗ್ಗದಿಂದ ಆಯಿತೆಂದು ಅವನಿಗೆ ನಂಬಲೇ ಆಗಲಿಲ್ಲ.

ಕೆಳಗಿನಿಂದ ಶಂಕರೆಪ್ಪನ ದನಿ ಕೇಳಿತು. “ಹಗ್ಗ ಗಟ್ಟಿ ಕಟ್ಟೋ ಸಾತಲಿಂಗ. ಇಳೀಬಾರ್ದು ಅದು.”

ವಿಮಾನ ಮುಂದೆ ಸಾಗಿತು. ಝೆಂಡಾ ಮೇಲೆ ಹಾರುತ್ತಿತ್ತು. ಅಪ್ಪಾವ್ರು ಕೆಳಗೆ, ಮಂದಿಯ ಕೂಡ ಹೊರಟಿದ್ದರು.