ಕಸದ ಡಬ್ಬಿಯಲ್ಲಿ ಏಳು ಮರಿ

“ಬಾಯಿಗೆ ಬೀಗ ಹಾಕ್ಕೊಂಡಿದ್ಯಾ ಅಕ್ಕಾ? ಮೊಲ ಮರಿ ಹಾಕುತ್ತೆ, ಮೂಲೆ ಡಬ್ಬ ಮುಟ್ಟಬೇಡ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಕಸದ ಮೊರವನ್ನು ಕೈಯಲ್ಲಿ ಹಿಡಿದೇ ತಮ್ಮ ಕೂಗಾಡುತ್ತಿದ್ದ. ಅಕ್ಕ ಅಡುಗೆಮನೆಯ ಹಿಂಬಾಗಿಲ ಹೊರಗಿದ್ದ ಕಸದ ಡಬ್ಬಿಗೆ ಮೊಳಕೈವರೆಗೆ ಕೈ ಇಳಿಬಿಟ್ಟು, ಈರುಳ್ಳಿ ಸಿಪ್ಪೆಯ ನಡುವಿನಿಂದ ಒಂದೊಂದೇ ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಬೆರಳುದ್ದದವು, ಕಣ್ಣು ಬಿಡದವು, ಮೈಮೇಲೆ ಒಂದು ಕೂದಲೂ ಇಲ್ಲದವು. ಏಳು ಸಿಕ್ಕವು. ಎರಡು ಆಗಲೇ ಮರಗಟ್ಟಿದ್ದವು.

ತಮ್ಮನದು ಕ್ಷೌರದಂಗಡಿ. ದಿನಕ್ಕೆ ಇಪ್ಪತ್ತು ತಲೆಯ ಕೂದಲು ಗುಡಿಸುವವನು. ನೆಲದ ಮೇಲೆ ಕೂದಲು ಕಂಡರೆ ಅವನಿಗೆ ಕಣ್ಣಿಗಿಂತ ಕೈ ಮುಂದು. ಹೆರುವ ಮೊಲ ತನ್ನ ಹೊಟ್ಟೆಯ ತುಪ್ಪಳವನ್ನು ತಾನೇ ಕಿತ್ತು ಮರಿಗಳಿಗೆ ಹಾಸಿ ಹೊದಿಸುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅಂದು ಅಂಗಡಿಗೆ ವಾರದ ರಜೆ. ಮನೆಯೆಲ್ಲ ಗುಡಿಸಿದವನು ಅಕ್ಕ ಸಾಕಿದ ಮೊಲ ಮಲಗುವ ಮೂಲೆಯ ರಟ್ಟಿನ ಡಬ್ಬದಲ್ಲಿ ಬಿಳಿ ಕೂದಲ ರಾಶಿ ಕಂಡು, ಥೂ ಎಂದು ಅದನ್ನು ಮೊರಕ್ಕೆ ಸುರಿದ, ಮೊರದಿಂದ ಕಸಕ್ಕೆ. ಗಿರಣಿಗೆ ಹೋಗಿದ್ದ ಅಕ್ಕ ಹಿಟ್ಟಿನ ಡಬ್ಬ ಹೊತ್ತು ಬಂದು ನೋಡುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಆದರೆ ಅಕ್ಕ ಹೇಳಿದ್ದಳು. ಹಿಂದಿನ ದಿನವೇ, ತಮ್ಮನ ಹೆಂಡತಿಗೆ. ಇವತ್ತೋ ನಾಳೆಯೋ ಮರಿ ಹಾಕುತ್ತದೆ, ಡಬ್ಬ ಮುಟ್ಟಬೇಡ ಅಂತ ಅವನಿಗೆ ಹೇಳಿಬಿಡು ಎಂದಿದ್ದಳು. ಹೆಂಡತಿ ಬಟ್ಟೆ ಹಿಂಡುತ್ತ ತಲೆಯಾಡಿಸಿದ್ದಳು. ಈಗ ಅವಳು ಬಾಗಿಲಲ್ಲಿ ನಿಂತು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಮರೆತದ್ದು ಅವಳ ಮುಖದ ಮೇಲೇ ಬರೆದಿತ್ತು. ‘ನಿನ್ನ ಹೆಂಡತಿಗೆ ಹೇಳಿದ್ದೆ’ ಎಂದುಬಿಟ್ಟರೆ ಅಕ್ಕ ಪಾರು. ಆದರೆ ತಮ್ಮನ ಸಿಟ್ಟನ್ನು ಅವಳು ಎತ್ತಿ ಆಡಿಸಿದ ಕಾಲದಿಂದ ಬಲ್ಲಳು. ಯಾರದೋ ಫೋನು ಬಂದದ್ದನ್ನು ಹೇಳಲು ಮರೆತಳೆಂದು ಹೋದ ತಿಂಗಳು ಅವನು ಒಂಬತ್ತು ದಿನ ಹೆಂಡತಿಯ ಮುಖ ನೋಡಿರಲಿಲ್ಲ. ಆ ಒಂಬತ್ತು ದಿನವೂ ಅಡುಗೆಮನೆಗೂ ಪಡಸಾಲೆಗೂ ಮಾತು ಹೊತ್ತು ಓಡಾಡಿ ಅಕ್ಕನ ಕಾಲು ಸವೆದಿತ್ತು. ಅದು ಬರೀ ಫೋನು. ಇದು ಜೀವ. ಅಕ್ಕ ಮಾತನ್ನು ನುಂಗಿಕೊಂಡಳು.

ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮೊದಲು ಕಾವು, ಆಮೇಲೆ ಹಾಲು ಎಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಉಸಿರಾಡುತ್ತಿದ್ದ ಐದನ್ನು ಬಟ್ಟೆಯೊಳಗೆ ಎದೆಗೆ ಅವುಚಿಕೊಂಡು ಕೂತಳು. ತಮ್ಮ ಗೊಣಗುತ್ತಲೇ ಇಸ್ತ್ರಿಪೆಟ್ಟಿಗೆಯಿಂದ ಟವೆಲು ಬಿಸಿ ಮಾಡಿ, ಗಿರಾಕಿಯ ಮುಖಕ್ಕೆ ಇಡುವ ಮುಂಚೆ ಮಾಡುವ ಹಾಗೆ ತನ್ನ ಕೆನ್ನೆಗೆ ಒತ್ತಿ ನೋಡಿ, ಅವಳ ಮಡಿಲಿಗಿಟ್ಟ. ಬದುಕ್ತಾವಾ ಎಂದು ಮೆಲ್ಲಗೆ ಕೇಳಿದ. ನೋಡೋಣಪ್ಪ ಎಂದಳು.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ತಣ್ಣಗಾದವು. ಉಳಿದ ಒಂದನ್ನು ತಾಯಿಯ ಹತ್ತಿರ ಬಿಟ್ಟರೆ, ಈರುಳ್ಳಿ ನಾತಕ್ಕೋ ಏನೋ, ಅದು ಮೂಸಿ ಹಿಂದೆ ಸರಿಯಿತು. ತುಪ್ಪಳ ಕಿತ್ತುಕೊಂಡ ಅದರ ಹೊಟ್ಟೆ ಕೆಂಪಗೆ ಕಾಣುತ್ತಿತ್ತು. ಅಕ್ಕ ತಾಯಿಯನ್ನು ಹಿಡಿದಳು, ತಮ್ಮ ಮರಿಯನ್ನು ಮೊಲೆಗೆ ಹಚ್ಚಿದ. ಅದು ಬಾಯಿ ಹಾಕಿ ಚೀಪತೊಡಗಿತು. ಅವನ ಮುಖ ಅರಳಿತು. “ಇದು ನನ್ನ ಥರಾನೇ ಹೊಟ್ಟೆಬಾಕ ಕಣಕ್ಕ.” ಅಕ್ಕನೂ ನಕ್ಕಳು. ಸಂಜೆ ದೀಪ ಹಾಕುವ ಹೊತ್ತಿಗೆ ಅದೂ ಹೋಯಿತು.

ಅಂಗೈ ಮೇಲಿನ ಮರಿಯನ್ನು ತಮ್ಮ ಬೆರಳಿಂದ ತಟ್ಟಿ ತಟ್ಟಿ ನೋಡಿದ. ದುಃಖವಾದರೂ ಅವನಿಗೆ ಕೂಗುವುದೊಂದೇ ಗೊತ್ತು. “ನೀನು ಬೇಕಂತಲೇ ಮುಚ್ಚಿಟ್ಟೆ. ನನ್ನ ಮನೇಲಿ ನಂಗೇ ಗೊತ್ತಿಲ್ದೆ ಬೇರೆ ಸಂಸಾರ ಹೂಡಿದ್ಯಲ್ಲ, ನಾನೇನು ದಾರಿಹೋಕನಾ? ನನ್ನ ಕೈಲಿ ಕೊಲೆ ಮಾಡಿಸ್ದೆ.”

ಕೆಲಸದಿಂದ ನಿವೃತ್ತಳಾದ ಅಕ್ಕನನ್ನು ‘ಇದು ನಿನ್ನದೇ ಮನೆ’ ಎಂದು ನಾಲ್ಕು ವರ್ಷದ ಹಿಂದೆ ಕರೆತಂದಿದ್ದ ಬಾಯಿ ಅದು. ತಾಯಿ ಸತ್ತ ಮೇಲೆ ತನಗೆ ಮದುವೆಯೇ ಬೇಡವೆಂದು ಅವನನ್ನು ಸಾಕಿ, ಕತ್ತರಿ ಹಿಡಿಯುವುದು ಕಲಿಯಲು ಹಾಕಿದವಳು ಅವಳು. ಕೊಲೆ ಎಂದದ್ದನ್ನು ತಡೆದುಕೊಂಡಳು. ‘ನನ್ನ ಮನೆ’ ಎಂದದ್ದು ಮಾತ್ರ ಗಂಟಲಿಂದ ಕೆಳಗಿಳಿಯಲಿಲ್ಲ.

ಹೆಂಡತಿ ಎರಡು ಹೆಜ್ಜೆ ಮುಂದೆ ಬಂದಳು. “ರೀ, ಅದು... ಅಕ್ಕ ನಂಗೆ...”

“ನೀನು ಒಲೆ ಮೇಲಿನ ಹಾಲು ನೋಡಮ್ಮ, ಉಕ್ಕುತ್ತೆ,” ಎಂದು ಅಕ್ಕ ತಡೆದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅವಳು ಒಳಗೆ ಹೋದಳು. ಅಕ್ಕ ತಮ್ಮನ ಕಡೆ ತಿರುಗಿ, “ತಪ್ಪು ನಂದೇ ಕಣೋ. ಹೇಳಬೇಕಿತ್ತು,” ಎಂದಳು.

ಅಕ್ಕ ಮರಿಗಳನ್ನು ಹಿತ್ತಲಲ್ಲಿ ಮಣ್ಣು ಮಾಡಿ, ಉಗುರು ತಿಕ್ಕಿ ಕೈ ತೊಳೆದು ಬಂದಾಗ ತಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಮೊಲಕ್ಕೆ ಸೊಪ್ಪು ತರ್ತೀನಿ ಎಂದಳು. ಬೇಗ ಬಾ ಎಂದ, ತಿರುಗದೆಯೇ. ಅವನ ಸಿಟ್ಟು ಆಗಲೇ ಇಳಿದಿತ್ತು. ಅಕ್ಕ ತಮ್ಮಂದಿರ ನಡುವಿನ ಕೊನೆಯ ಮಾತು ಅದೇ ಆಯಿತು.

ಹೊಸಿಲಲ್ಲಿ ಹೆಂಡತಿ ನಿಂತಿದ್ದಳು. ಅಕ್ಕನ ಒಂದು ಕೈಯಲ್ಲಿ ಮೊಲವಿದ್ದ ಬುಟ್ಟಿ, ಇನ್ನೊಂದರಲ್ಲಿ ತನ್ನ ಬಟ್ಟೆಬರೆ ತುಂಬಿದ ಚೀಲ. ಸೊಪ್ಪು ತರುವವರು ಇವನ್ನೆಲ್ಲ ಹೊತ್ತು ಹೋಗುವುದಿಲ್ಲವೆಂದು ಅವಳಿಗೂ ಗೊತ್ತು. ಬಾಯಿ ತೆರೆದಳು. ಒಳಗೆ ಗಂಡ ಹೊರಳಿದ ಸದ್ದಾಯಿತು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.