ಹದಿಮೂರು ಸುತ್ತು

ಚಕ್ರದ ಸುತ್ತನ್ನು ಸ್ಪೀಡೋಮೀಟರಿಗೆ ಮುಟ್ಟಿಸುವ ಕೇಬಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ. ಮೆಕ್ಯಾನಿಕ್ ಅದನ್ನು ಕವಚದಿಂದ ಪೂರ್ತಿ ಹೊರಗೆಳೆದು, ಬೆರಳ ಸಂದಿಯಲ್ಲಿ ಜಾರಿಸುತ್ತ ಗೇಣುಗೇಣಾಗಿ ನೋಡಿದ. ಎಲ್ಲೂ ಎಳೆ ಬಿಟ್ಟಿಲ್ಲ, ತುಕ್ಕು ಹಿಡಿದಿಲ್ಲ, ತುದಿಗಳು ಸವೆದಿಲ್ಲ. ಗ್ರೀಸು ಸವರಿ ವಾಪಸ್ಸು ತೂರಿಸಿದ. ಹಾಗಾದರೆ ಹಳೇ ವ್ಯಾನನ್ನು ಕೊಳ್ಳಲು ಬಂದಿದ್ದ ಮೇಷ್ಟ್ರ ತಕರಾರೇನು? ಆಸ್ಪತ್ರೆಯಿಂದ ಹಿಟ್ಟಿನ ಗಿರಣಿಗೆ ಹನ್ನೆರಡು ಕಿಲೋಮೀಟರ್ ದಾರಿ, ಸ್ಪೀಡೋಮೀಟರಿನಲ್ಲಿ ಎಂಟೇ ಏರಿದೆ ಅಂತ.

"ಮೇಷ್ಟ್ರಿಗೆ ಲೆಕ್ಕ ಬರಲ್ಲ, ಅಷ್ಟೇ," ಎಂದ, ಡ್ಯಾಶ್‌ಬೋರ್ಡಿನ ಕೆಳಗಿಂದಲೇ.

"ಲೆಕ್ಕದ ಮೇಷ್ಟ್ರೇ ಕಣೋ ಅವರು," ಎಂದ ಹೊರಗೆ ನಿಂತಿದ್ದ ಭಾವ.

ವ್ಯಾನು ಅಕ್ಕನ ಗಂಡನಾದ ಈ ಭಾವನದೇ. ಕಳೆದ ವರ್ಷ ಕೊಂಡಾಗ ಸ್ಪೀಡೋಮೀಟರ್ ಕೆಟ್ಟು ಕೂತಿತ್ತು. ಮೆಕ್ಯಾನಿಕ್ಕೇ ಗುಜರಿಯಿಂದ ಬೇರೆ ಯಾವುದೋ ಗಾಡಿಯದನ್ನು ತಂದು ಹಾಕಿದ್ದ. ತೂತಿಗೆ ಸರಿಯಾಗಿ ಕೂತಿತು, ಮುಳ್ಳು ಎದ್ದಿತು, ಕೆಲಸ ಮುಗಿಯಿತು. "ನಲವತ್ತಕ್ಕೇ ಹಾರಿದ ಹಾಗೆ ಹೋಗುತ್ತೆ ಕಣೋ" ಎಂದು ಭಾವ ಹೊಗಳಿದಾಗ, ನನ್ನ ಕೈಗುಣ ಎಂದು ಬೀಗಿದ್ದ. ಅದಾದ ಹದಿನೈದು ದಿನಕ್ಕೆ, ನಲವತ್ತರ ಬೋರ್ಡಿದ್ದ ತಿರುವಿನಲ್ಲಿ ವ್ಯಾನು ಮಗುಚಿತು. ಪಕ್ಕದಲ್ಲಿ ಕೂತಿದ್ದ ಹತ್ತು ವರ್ಷದ ಮಗಳು ಇವತ್ತಿಗೂ ಊರುಗೋಲಿಲ್ಲದೆ ಎರಡು ಹೆಜ್ಜೆ ಇಡಲಾರಳು.

ಮುಳ್ಳು ನಲವತ್ತು ದಾಟಿರಲಿಲ್ಲ, ನಾನು ನೋಡುತ್ತಲೇ ಇದ್ದೆ ಎಂದು ಭಾವ ಅಂದಿನಿಂದ ಬಡಕೊಳ್ಳುತ್ತಲೇ ಬಂದಿದ್ದ. ರಸ್ತೆಯ ಮೇಲಿನ ಟಯರಿನ ಗುರುತು ಅಳೆದವರು ಅರವತ್ತು ಎಂದರು. ಯಾರನ್ನು ನಂಬುವುದೆಂದು ಅಕ್ಕ ತಮ್ಮನನ್ನು ಕೇಳಿದಳು. "ಮೀಟರ್ ಕೂರಿಸಿದ್ದು ನಾನು. ಅದು ಸುಳ್ಳು ಹೇಳಲ್ಲ, ಭಾವ ಹೇಳ್ತಿದಾರೆ" ಎಂದು ಇವನು ಎದೆ ತಟ್ಟಿಕೊಂಡು ಹೇಳಿದ್ದ. ಅಂದೇ ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ಕೈತಪ್ಪು ಯಾರಿಂದಲಾದರೂ ಆಗುತ್ತದೆ, ಮಗಳ ಕಾಲು ಹೋದ ಮೇಲೂ ಸುಳ್ಳು ಹೇಳುತ್ತಾರಲ್ಲ ಎಂಬುದೇ ಅವಳ ಸಂಕಟ. ಹನ್ನೊಂದು ತಿಂಗಳಿಂದ ಆ ಮನೆಯಲ್ಲಿ ಉಪ್ಪು ಬೇಕೆಂದರೂ ಮಗಳ ಬಾಯಿಂದಲೇ ಕೇಳಿಸಬೇಕು.

ಇನ್ನುಳಿದದ್ದು ಕೆಲಸ ಕಲಿಸಿದ ಗುರುಗಳು ಹೇಳಿಕೊಟ್ಟ ಒಂದೇ ಪರೀಕ್ಷೆ. ಅಂಗಡಿಯ ಮುಂದಿನ ಓಣಿಯಲ್ಲಿ ಟೇಪು ಹಿಡಿದು, ಇಪ್ಪತ್ತು ಮೀಟರ್ ದೂರಕ್ಕೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದ. ಸ್ಪೀಡೋಮೀಟರನ್ನು ಬಿಚ್ಚಿ ಪಕ್ಕದ ಸೀಟಿನ ಮೇಲಿಟ್ಟು, ಕೇಬಲ್ಲಿನ ತುದಿಗೆ ಕಾಗದದ ಚೂರೊಂದನ್ನು ಬಾವುಟದ ಹಾಗೆ ಅಂಟಿಸಿದ. ಗಾಡಿ ಉರುಳಿದಂತೆ ಬಾವುಟ ತಿರುಗುತ್ತದೆ, ಕೂತು ಎಣಿಸಿದರಾಯಿತು.

"ಭಾವ, ಗೇರ್ ತೆಗೆದಿದೀನಿ. ಮೆಲ್ಲಗೆ ತಳ್ಳಿ."

"ಮಾರೋ ಗಾಡಿಗೆ ಎಷ್ಟು ಉಪಚಾರ ಮಾಡ್ತೀಯೋ," ಎನ್ನುತ್ತ ಭಾವ ಹಿಂದಿನಿಂದ ಹೆಗಲು ಕೊಟ್ಟ.

ಹನ್ನೊಂದು, ಹನ್ನೆರಡು, ಹದಿಮೂರು. ಮುಂದಿನ ಚಕ್ರ ಎರಡನೇ ಗೆರೆ ಮುಟ್ಟಿತು. ಅಂದರೆ ಕಿಲೋಮೀಟರಿಗೆ ಆರುನೂರ ಐವತ್ತು ಸುತ್ತು. ಮೆಕ್ಯಾನಿಕ್ ಸ್ಪೀಡೋಮೀಟರನ್ನು ಬೆಳಕಿಗೆ ಹಿಡಿದ. ಇಷ್ಟು ಸುತ್ತಿಗೆ ಒಂದು ಕಿಲೋಮೀಟರ್ ಎಂದು ಅದರ ಮುಖದ ಕೆಳಗೆ ಸಣ್ಣ ಅಂಕಿಯಲ್ಲಿ ಬರೆದಿತ್ತು. ಕೂರಿಸುವ ಮೊದಲು ಅದನ್ನು ಓದಬೇಕು, ಅವನು ಓದಿರಲಿಲ್ಲ. ಒಂಬೈನೂರ ಎಪ್ಪತ್ತೈದು.

ಕಣ್ಣುಜ್ಜಿಕೊಂಡು ಮತ್ತೆ ಓದಿದ. ಗಾಡಿ ಮೂರು ಪಾಲು ಓಡಿದರೆ ಈ ಮೀಟರು ಎರಡೇ ಪಾಲು ತೋರಿಸುತ್ತದೆ. ಹನ್ನೆರಡಕ್ಕೆ ಎಂಟು. ಅರವತ್ತಕ್ಕೆ ನಲವತ್ತು.

"ಎಷ್ಟು ಬಂತೋ?" ಎಂದು ಹಿಂದಿನಿಂದ ಭಾವ ಕೂಗಿದ.

"ಇನ್ನೊಂದ್ಸಲ ತಳ್ಳೋಣ ಭಾವ," ಎಂದ. ಗಾಡಿಯನ್ನು ಮೊದಲ ಗೆರೆಗೆ ತಂದು ಮತ್ತೆ ತಳ್ಳಿಸಿದ. ಮತ್ತೆ ಹದಿಮೂರು. ಸುಮ್ಮನೆ ಇದನ್ನು ಗುಜರಿಗೆ ಎಸೆದು ಬೇರೊಂದು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬಂದೇ ಬಂತು. ಅಷ್ಟರಲ್ಲಿ ಭಾವ ಹಣೆಯ ಬೆವರೊರೆಸುತ್ತ ಬಾಗಿಲ ಬಳಿ ಬಂದು ನಿಂತ. ಆ ಮುಖ ನೋಡಿ ಇವನಿಗೆ ತಡೆಯಲಾಗಲಿಲ್ಲ.

"ನೀವು ಸುಳ್ಳು ಹೇಳಿರ್ಲಿಲ್ಲ ಭಾವ. ಅವತ್ತು ಮುಳ್ಳು ನಲವತ್ತರಲ್ಲೇ ಇತ್ತು. ನಾನೇ ಬೇರೆ ಲೆಕ್ಕದ ಮೀಟರ್ ಕೂರಿಸಿಬಿಟ್ಟಿದೀನಿ, ಕಮ್ಮಿ ತೋರಿಸುತ್ತೆ. ನಾನು ಪಾಪಿ. ಈಗ್ಲೇ ಬಂದು ಅಕ್ಕನ ಮುಂದೆ ಎಲ್ಲಾ ಹೇಳ್ತೀನಿ."

ಕೆನ್ನೆಗೊಂದು ಬೀಳುತ್ತದೆಂದು ಕಾದ. ಬೀಳಲಿಲ್ಲ. ಭಾವ ಸ್ಪೀಡೋಮೀಟರನ್ನು ಅವನ ಕೈಯಿಂದ ತೆಗೆದುಕೊಂಡು, ಅಂಗಿಯ ಅಂಚಿನಿಂದ ಗಾಜು ಒರೆಸಿ, ಆ ಸಣ್ಣ ಅಂಕಿಯನ್ನು ಓದಿದ.

"ಹಾಗಾದ್ರೆ ಅವತ್ತು ನಾನು ನಿಜವಾಗ್ಲೂ ಎಷ್ಟರಲ್ಲಿದ್ದೆ?"

"ಅರವತ್ತು, ಭಾವ."

ಭಾವ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಎಲ್ಲರೂ ಸುಳ್ಳ ಅಂದ್ರು, ತಡ್ಕೊಂಡೆ ಕಣೋ. ನಲವತ್ತರಲ್ಲೇ ಇದ್ದೆ ಅನ್ನೋ ಒಂದೇ ಧೈರ್ಯದ ಮೇಲೆ ದಿನಾ ಮಗಳ ಮುಖ ನೋಡ್ತಿದ್ದೆ. ಇವತ್ತು ಹೇಗೆ ನೋಡ್ಲಿ?"